ಹೊಸ ಲೆಕ್ಕ ತಿಳಿಯದ ಮಾಸ್ತರ

ಬೆಳಗಾದರೆ ನನ್ನ ಹೊಟ್ಟೆ ಕೆಡುವುದು ಶುರುವಾದದ್ದು ಏಳನೆಯ ಕ್ಲಾಸಿಗೆ ಹೊಸ ಗಣಿತದ ಪುಸ್ತಕ ಬಂದ ವರ್ಷ. ನಾನಾಗ ಚಿತ್ತಾಪುರದ ಒಂದು ಸರಕಾರಿ ಸಾಲೆಯಲ್ಲಿ ಲೆಕ್ಕದ ಮಾಸ್ತರನಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಸ್ನಾನ ಮುಗಿಸಿ, ಧೋತರ ಉಟ್ಟು, ಕೋಟು ಹಾಕಿಕೊಂಡು ಹೊಸ್ತಿಲ ತನಕ ಬರುವುದೇ ತಡ, ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆದ ಹಾಗೆ ಆಗುತ್ತಿತ್ತು. ಕೋಟು ಬಿಚ್ಚಿಟ್ಟು ನೀರಿನ ಚರಗಿ ಹಿಡಿದು ಬಯಲಿಗೆ ಓಡುತ್ತಿದ್ದೆ. ನನ್ನ ಹೆಂಡತಿ ಊಟದಲ್ಲಿ ಖಾರ ಬಿಡಿಸಿದಳು. ಮಜ್ಜಿಗೆ ಅಂಬಲಿ ಮಾಡಿ ಕುಡಿಸಿದಳು. ಹಕೀಮರು ಕೊಟ್ಟ ಪುಡಿ ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ಸಾಲೆಗೆ ರಜೆಯಿರುವ ಐತವಾರ ಮಾತ್ರ ಹೊಟ್ಟೆ ತೆಪ್ಪಗಿರುತ್ತಿತ್ತು. ಅದನ್ನು ಅವಳು ಗಮನಿಸಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದರೆ ಮುಂದಿನ ಮಾತು ಬರುತ್ತಿತ್ತು.

ಕಲಿಸುವುದು ನನಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ನೌಕರಿಗೆ ಸೇರಿದವನು ನಾನು. ನಮ್ಮ ಮನೆ ಮಾತು ಕನ್ನಡ, ಓದು ಬರಹವೆಲ್ಲ ಉರ್ದು. ಕೂಡಿಸುವುದಕ್ಕೆ ಜಮಾ, ಕಳೆಯುವುದಕ್ಕೆ ತಫ್ರೀಖ್ ಅಂತ ಕಲಿತು, ಹಾಗೆಯೇ ಕಲಿಸಿದವನು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಸಾಲೆಯೊಳಗೆ ಎಲ್ಲ ಕನ್ನಡವಾಗಬೇಕು ಅಂತಾಯಿತು. ಆಗ ನಾನು ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿದ್ದೆ. ನನ್ನ ಹೆಂಡತಿ ಸೇಡಂ ಕಡೆಯವಳು. ಅವರಪ್ಪ ಮನೆಯಲ್ಲೇ ಅವಳಿಗೆ ಕನ್ನಡ ಅಕ್ಷರ ಕಲಿಸಿದ್ದರು. ಪಾಟಿ ಹಿಡಿದು ಅವಳ ಮುಂದೆ ಕುಂತು ನಾನು ಒತ್ತಕ್ಷರ ತಿದ್ದಿದೆ. "ಮಾಸ್ತರಿಗಿ ಇನ್ನಾ ಠ ಢ ಬರಾಂಗಿಲ್ಲ" ಅಂತ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಸಂಕಲನ, ವ್ಯವಕಲನ ಅಂತ ನಾಲಿಗೆ ಹೊರಳಿಸುವಾಗ ಜೊತೆಯ ಮಾಸ್ತರರೆಲ್ಲ ನನ್ನ ಹಾಗೆಯೇ ಎಡವುತ್ತಿದ್ದರು. ಎಲ್ಲರೂ ಎಡವುವ ಕಡೆ ನಾಚಿಕೆಯಾಗುವುದಿಲ್ಲ.

ಈ ಸಲ ಎಡವಿದವನು ನಾನೊಬ್ಬನೇ.

ಹೊಸ ಪುಸ್ತಕದ ಮೊದಲ ಪಾಠದಲ್ಲಿ ಅಂಕಿಗಳೇ ಇರಲಿಲ್ಲ. ಒಂದರ ಮೇಲೊಂದು ಹಾಯ್ದ ಎರಡು ವೃತ್ತ, ಒಳಗೆ ಮಾವಿನ ಹಣ್ಣು, ಬಾಳೆಹಣ್ಣು. ಅದಕ್ಕೆ ಗಣ ಅನ್ನಬೇಕಂತೆ. ಗಣದ ಛೇದನ, ಗಣದ ಸಂಯೋಗ. ಬಡ್ಡಿ, ಚಕ್ರಬಡ್ಡಿ, ಪಾಲುಗಾರಿಕೆ, ತೊಟ್ಟಿಗೆ ಎರಡು ನಳ ಬಿಟ್ಟು ತುಂಬಿಸುವುದು, ಇವೆಲ್ಲ ನನಗೆ ಕಣ್ಣು ಮುಚ್ಚಿದರೂ ಬರುತ್ತಿದ್ದವು. ಈ ವೃತ್ತಗಳನ್ನು ನೋಡುತ್ತ ಕುಂತರೆ ಅವು ಯಾವ ಪ್ರಶ್ನೆಗೆ ಉತ್ತರ ಅಂತಲೇ ಹೊಳೆಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಶಹಾಬಾದದಲ್ಲಿ ತರಬೇತಿ ಇಟ್ಟರು. ಸುತ್ತಲ ತಾಲೂಕುಗಳ ಲೆಕ್ಕದ ಮಾಸ್ತರರೆಲ್ಲ ಬಂದಿದ್ದರು. ಹೊರಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯ ಬಿಳಿ ಧೂಳು. ಒಳಗೆ ಪರಸಿ ಹಾಸಿದ ಕೋಣೆ, ಕಾದ ಹಂಚಿನ ಹಾಗೆ. ಕಲಿಸುವವನು ಒಳಗೆ ಬಂದಾಗ ನೋಡಿದೊಡನೆ ಗುರುತು ಹಿಡಿದೆ. ಕೊಡ್ಲಿಯಲ್ಲಿ ನನ್ನ ಹತ್ತಿರ ಮಗ್ಗಿ ಕಲಿತ ಹುಡುಗ ಅವನು. ಈಗ ಶಿಕ್ಷಕರಿಗೇ ಕಲಿಸುವ ಕಾಲೇಜಿನಲ್ಲಿದ್ದ. ನನ್ನನ್ನು ಕಂಡವನೇ ಎಲ್ಲರೆದುರು ಬಗ್ಗಿ ಕಾಲು ಮುಟ್ಟಿದ.

"ಸರ್, ನೀವು ಹಿಂದ್ಯಾಕ ಕುಂತೀರಿ? ಮುಂದ ಬರ್ರಿ."

ಮುಂದೆ ಕುಂದ್ರಿಸಿದ. ಉಳಿದವರಿಗೆಲ್ಲ ಹೇಳಿದ, "ನಾ ಇಲ್ಲಿ ನಿಂತೀನಿ ಅಂದ್ರ ಈ ಸರ್ ಕಲ್ಸಿದ್ದಕ್ಕ ನೋಡ್ರಿ." ನನಗೂ ಹೆಮ್ಮೆಯಾಯಿತು. ಆ ಹೆಮ್ಮೆ ಮಧ್ಯಾಹ್ನದ ತನಕವೂ ಉಳಿಯಲಿಲ್ಲ. ಅವನು ಪ್ರೀತಿಯಿಂದಲೇ, ನನಗೆ ಮರ್ಯಾದೆ ಕೊಡಬೇಕು ಅಂತಲೇ, ಮೊದಲ ಪ್ರಶ್ನೆ ನನಗೆ ಕೇಳಿದ.

"ಸರ್, ಒಳಗ ಏನೂ ಇಲ್ಲದ ಗಣ, ಅದಕ್ಕ ಗಣ ಅನ್ನಬೇಕೋ ಬ್ಯಾಡೋ?"

ನಾನು ಎದ್ದು ನಿಂತೆ. ಗಟ್ಟಿಯಾಗಿಯೇ ಹೇಳಿದೆ. "ಏನೂ ಇಲ್ಲಂದ್ರ ಏನೂ ಇಲ್ಲ. ಇಲ್ಲದ್ದಕ್ಕ ಹೆಸರ್ಯಾಕ ಇಡಬೇಕು?"

ಕೋಣೆ ತುಂಬ ನಗು. ಹಿಂದಿನ ಸಾಲಿನಲ್ಲಿ ಹೊಸದಾಗಿ ನೌಕರಿಗೆ ಬಂದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವನು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ. "ಸರ್ ಹೇಳಿದ್ದೂ ಒಂದ್ ರೀತಿಲಿಂದ ಖರೇನೇ ಅದ" ಅಂದ. ನಕ್ಕವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ "ಒಂದ್ ರೀತಿಲಿಂದ" ಮಾತ್ರ ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ತಪ್ಪು ಹೇಳಿದ ದಡ್ಡ ಹುಡುಗರಿಗೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಊಟಕ್ಕೆ ಬಿಟ್ಟಾಗ ಎಲ್ಲರೂ ಕೈ ತೊಳೆಯಲು ಹೋದರು. ನಾನು ಚೀಲ ತಗೊಂಡು ಸ್ಟೇಷನ್ನಿಗೆ ಹೋದೆ. ವಾಡಿಯಲ್ಲಿ ಗಾಡಿ ಬದಲಿಸಿ ಮನೆ ಸೇರಿದಾಗ ಹೆಂಡತಿ ಗಾಬರಿಯಾದಳು. "ಬಿಸಲ ಭಾಳಂತ ಲಗೂನೇ ಮುಗಿಸಿದ್ರು" ಅಂದೆ. ಅವಳು ನೀರು ಕೊಟ್ಟಳು, ಬೀಸಣಿಕೆ ಕೊಟ್ಟಳು, ಬೇರೆ ಏನೂ ಕೇಳಲಿಲ್ಲ.

ಸಾಲೆ ಶುರುವಾಯಿತು. ಗಣದ ಪಾಠವನ್ನು ಹಿಂದಕ್ಕೆ ಹಾಕಿ ಬಡ್ಡಿ ಲೆಕ್ಕದಿಂದ ಹಿಡಿದೆ. ಅದನ್ನು ಕಲಿಸುವಾಗ ನಾನು ಮೊದಲಿನ ಮಾಸ್ತರನೇ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ಪುಸ್ತಕದ ಮಿಕ್ಕ ಪಾಠಗಳೆಲ್ಲ ಆ ಮೊದಲ ಪಾಠದ ಮೇಲೆಯೇ ಕಟ್ಟಿದ್ದವು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕೊನೆಗೆ ಗೈಡಿನಲ್ಲಿದ್ದದ್ದನ್ನು ಬೋರ್ಡಿನ ಮೇಲೆ ಬರೆದು "ಬರ್ಕೊಳ್ರಿ" ಅನ್ನತೊಡಗಿದೆ. ಯಾರಾದರೂ ಯಾಕೆ ಹೀಗೆ ಅಂತ ಕೇಳಿದರೆ ಹೊಟ್ಟೆ ತಿರುಚುತ್ತಿತ್ತು. ಈಗ ಮನೆಯ ಹೊಸ್ತಿಲ ಮಾತಷ್ಟೇ ಅಲ್ಲ, ಕ್ಲಾಸಿನ ನಡುವೆಯೇ ಎದ್ದು ಹೋಗಬೇಕಾಗುತ್ತಿತ್ತು. ಸಾಲೆಗೆ ಸಂಡಾಸು ಇರಲಿಲ್ಲ. ಹಿಂದಿನ ಜಾಲಿ ಕಂಟಿಯ ಮರೆಗೆ ಹೋಗಬೇಕು. ಅಲ್ಲಿಗೆ ಹೋಗುವ ದಾರಿ ಎಲ್ಲ ಕೋಣೆಗಳ ಕಿಟಕಿ ಮುಂದೆಯೇ. ಕೋಟು ಹಾಕಿದ, ಬಿಳಿ ಕೂದಲಿನ ಮಾಸ್ತರ ಕೈಯಲ್ಲಿ ಚರಗಿ ಹಿಡಿದು ದಬದಬ ನಡೆಯುವುದನ್ನು ಇಡೀ ಸಾಲೆ ನೋಡುತ್ತಿತ್ತು.

ಒಂದು ದಿನ ಹಿಂದಿನ ಗೋಡೆಯ ಮೇಲೆ ಇದ್ದಲಿಯಲ್ಲಿ ಬರೆದಿದ್ದರು, "ಚರಗಿ ಮಾಸ್ತರ". ಅಕ್ಷರ ದುಂಡಾಗಿದ್ದವು, ಒಂದೂ ತಪ್ಪಿರಲಿಲ್ಲ. ನನ್ನ ಕ್ಲಾಸಿನವರದೇ ಕೈ ಅಂತ ಗೊತ್ತಾಯಿತು. ಚರಗಿಯಲ್ಲಿ ಉಳಿದಿದ್ದ ನೀರು ಗೋಡೆಗೆ ಎರಚಿ ಅಂಗೈಯಿಂದ ತಿಕ್ಕಿದೆ. ಇದ್ದಲಿ ಹೋಗಲಿಲ್ಲ, ಇನ್ನಷ್ಟು ಅಗಲವಾಗಿ ಹರಡಿತು. ಕೈಯೆಲ್ಲ ಕಪ್ಪು. ಹಾಗೆಯೇ ಜೇಬಿನಲ್ಲಿ ಕೈ ಇಟ್ಟುಕೊಂಡು ಕ್ಲಾಸಿಗೆ ಹೋಗಿ, ಸೀಮೆಸುಣ್ಣ ಮುಟ್ಟದೆ ಬಾಯಿಪಾಠ ಮಾಡಿಸಿದೆ.

ನಮ್ಮ ಹೆಡ್‌ಮಾಸ್ತರರು ಮಂಡ್ಯದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಭಾಳ ಸಣ್ಣವರು. ದಸರಾ ರಜೆ ಮುಗಿದ ಮೇಲೆ ಕರೆದು ಕೂರಿಸಿದರು. ಚಹಾ ತರಿಸಿದರು. ಆಗಲೇ ನನಗೆ ತಿಳಿಯಿತು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಅದನ್ನ ಹೊಸ ಟೀಚರಮ್ಮ ನೋಡ್ಕೊಳ್ಲಿ. ನಿಮಗೂ ಆರೋಗ್ಯ ಸರಿಯಿಲ್ಲ. ಒಂದನೇ ಕ್ಲಾಸು ತಗೊಂಡ್ರೆ ಆರಾಮ."

"ಮಕ್ಕಳ ಮನಿಯವರು ಏನರ ಅಂದಾರೇನ್ರಿ?"

ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ ಇದ್ದರು. "ಅಂದಿದಾರೆ" ಅಂದರು.

ನಾನು ಆಗಲಿ ಅಂದೆ. ಬೇರೆ ಏನು ಅನ್ನಬಹುದಿತ್ತು? ಹೊರಗೆ ಬಂದಾಗ ಆ ಹೊಸ ಟೀಚರು ಬಾಗಿಲ ಹತ್ತಿರ ನಿಂತಿದ್ದಳು. ಗುಲಬರ್ಗಾದಲ್ಲಿ ಓದಿ ಬಂದ ಹುಡುಗಿ, ನನಗೆ ಮಗಳಾಗುವ ವಯಸ್ಸು. "ಸರ್, ನಾ ಕೇಳಿದ್ದಲ್ರಿ. ಖರೇನೂ ನಾ ಕೇಳಿಲ್ರಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕ್ಲಾಸಿನ ಹಾಜರಿ ಪುಸ್ತಕ ಅವಳ ಕೈಗೆ ಕೊಟ್ಟು, "ನೀವೇ ಸರಿ ಅವ್ವಾ" ಅಂದೆ. ಅವಳಿಗೆ ಸಮಾಧಾನ ಮಾಡಿದ ಹಾಗಾಯಿತು. ನನಗೆ ಸಮಾಧಾನ ಮಾಡುವವರು ಯಾರೂ ಇರಲಿಲ್ಲ, ಮನೆಯಲ್ಲಿ ನಾನು ಹೇಳಲೂ ಇಲ್ಲ.

ಒಂದನೇ ಕ್ಲಾಸಿನ ಮಕ್ಕಳನ್ನು ಹೇಗೆ ಮಾತಾಡಿಸಬೇಕು ಅನ್ನುವುದೇ ನನಗೆ ಮರೆತಿತ್ತು. ನನ್ನ ದನಿಗೇ ಕೆಲವು ಮಕ್ಕಳು ಅತ್ತವು. ಒಂದು ಹುಡುಗಿ ದಿನಾ ಅಣ್ಣನ ಕೋಣೆಗೆ ಓಡಿಹೋಗುತ್ತಿದ್ದಳು. ಹೊರಗೆ ಹೋಗಬೇಕು ಅಂತ ಯಾವ ಮಗು ಬೆರಳೆತ್ತಿದರೂ ನಾನು ಇಲ್ಲ ಅನ್ನುತ್ತಿರಲಿಲ್ಲ, ಅನ್ನಲು ಬಾಯಿ ಬರುತ್ತಿರಲಿಲ್ಲ. ಮಕ್ಕಳಿಗೆ ಅದು ತಿಳಿದುಹೋಯಿತು. ಅರ್ಧ ಕ್ಲಾಸು ಯಾವಾಗಲೂ ಬೇವಿನ ಗಿಡದ ಕೆಳಗೇ ಇರುತ್ತಿತ್ತು. ಹೆಡ್‌ಮಾಸ್ತರರು ವರಾಂಡಾದಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಆದರೆ ಹೊಟ್ಟೆ ನೆಟ್ಟಗಾಯಿತು. ದೀಪಾವಳಿ ಹೊತ್ತಿಗೆ ಖಾರ ತಿನ್ನತೊಡಗಿದೆ, ಜೋಳದ ರೊಟ್ಟಿಗೆ ಮೆಣಸಿನ ಹಿಂಡಿ ಹಚ್ಚಿಕೊಂಡು ತಿಂದೆ. ಹೆಂಡತಿ ಹಕೀಮರ ಪುಡಿಯನ್ನು ಹೊಗಳಿದಳು. ನಾನು ಹೂಂ ಅಂದೆ. ನನ್ನನ್ನು ಕೆಳಗಿಳಿಸಿದ್ದಕ್ಕೆ ನನ್ನ ಮೈ ಹಿಗ್ಗುತ್ತಿದೆ ಅಂತ ಗೊತ್ತಾದಾಗ, ಕೆಳಗಿಳಿಸಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಏಳನೇ ಕ್ಲಾಸಿನ ಕೋಣೆಯಿಂದ ಆ ಟೀಚರ ದನಿ, ಹುಡುಗರು ಒಟ್ಟಿಗೆ ಉತ್ತರ ಹೇಳುವುದು ಕೇಳಿಸುತ್ತಿತ್ತು. ಅವಳ ಕ್ಲಾಸಿನಲ್ಲಿ ಯಾರೂ ಸುಮ್ಮನೆ ಬರೆದುಕೊಳ್ಳುತ್ತಿರಲಿಲ್ಲ.

ನಿವೃತ್ತಿಯ ದಿನ ಬಂತು. ಅಂಗಳದಲ್ಲಿ ಜಮಖಾನ ಹಾಸಿ ಮೇಜು ಇಟ್ಟು, ಸಾಲೆಯ ಮಕ್ಕಳನ್ನೆಲ್ಲ ಕೂರಿಸಿದರು. ಹೆಂಡತಿಯನ್ನೂ ಕರೆಸಿದ್ದರು. ಅವಳು ಇಳಕಲ್ ಸೀರೆ ಉಟ್ಟು ಹೆಂಗಸರ ಕಡೆ ಮುಂದೆಯೇ ಕುಂತಿದ್ದಳು. ಹೆಡ್‌ಮಾಸ್ತರರು ದೊಡ್ಡ ಭಾಷಣ ಮಾಡಿದರು. "ಗಣಿತ ಅಂದ್ರೆ ಇವರು, ಇವರು ಅಂದ್ರೆ ಗಣಿತ" ಅಂದರು. ಹಿಂದೆ ಕುಂತ ದೊಡ್ಡ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿದ್ದೇ ನನ್ನ ಹೊಟ್ಟೆಯೊಳಗೆ ಹಳೆಯ ಹಗ್ಗ ಹೊಸೆದುಕೊಳ್ಳತೊಡಗಿತು.

ಮುಂದಿನದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕೊರಳಿಗೆ ಸೇವಂತಿಗೆ ಮಾಲೆ ಹಾಕಿದರು, ಶಾಲು ಹೊದಿಸಿದರು. "ಈಗ ನಮ್ಮ ಹಿರಿಯ ಮೇಷ್ಟ್ರು ಎರಡು ಮಾತು ಹೇಳ್ತಾರೆ" ಅಂದರು. ನಾನು ಎದ್ದೆ. ಕೈ ಮುಗಿದೆ. "ಎಲ್ಲರಿಗೂ ನಮಸ್ಕಾರ" ಅಂದೆ. ಆಮೇಲೆ ಮೇಜಿನ ಹಿಂದಿನಿಂದ ಹೊರಬಂದು, ಮಾಲೆ ಶಾಲುಗಳ ಸಮೇತ, ಮಕ್ಕಳ ನಡುವೆ ಬಿಟ್ಟಿದ್ದ ದಾರಿಯಲ್ಲಿ ನಡೆದೆ. ಕೊನೆಕೊನೆಗೆ ಓಡಿದೆ. ಬಾಗಿಲ ಹತ್ತಿರ ಜವಾನ ಚರಗಿ ತುಂಬಿಸಿ ಹಿಡಿದು ನಿಂತಿದ್ದ. ಅವನಿಗೆ ಗೊತ್ತಿತ್ತು.

ತಿರುಗಿ ಬಂದಾಗ ಎಲ್ಲರೂ ಕುಂತಲ್ಲೇ ಕುಂತಿದ್ದರು. ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಹೇಗೋ ಆಗುತ್ತಿತ್ತು. ಅಷ್ಟು ಮಕ್ಕಳು ಅಷ್ಟು ನಿಶ್ಶಬ್ದವಾಗಿ ಕುಂತದ್ದನ್ನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಬಿಸ್ಕೀಟು ಹಂಚಿದರು. ಮನೆಗೆ ಬಂದೆವು. ದಾರಿಯುದ್ದಕ್ಕೂ ಅವಳು, "ಶಾಲು ಛೊಲೊ ಅದ, ಥಂಡಿಗಿ ಆಗ್ತದ" ಅಂತ ಅದೊಂದನ್ನೇ ಎರಡು ಮೂರು ಸಲ ಹೇಳಿದಳು.

ಮನೆಯಲ್ಲಿ ಕುಂತ ಮೇಲೆ ಓಣಿಯವರು ಬರತೊಡಗಿದರು. "ಸರ್, ನಮ್ಮ ಹುಡುಗಗ ಸಂಜೀಕ ಲೆಕ್ಕ ಹೇಳಿಕೊಡ್ರಿ." ಗಣದ ಪಾಠ ತೆಗೆಯುತ್ತಾರೆ ಅಂತ ನನಗೆ ಹೆದರಿಕೆ. ಬಾಯಿಗೆ ಬಂದ ಸುಳ್ಳು ಹೇಳಿದೆ, "ಕಣ್ಣು ಕಾಣವಲ್ದು." ಒಬ್ಬರಿಗೆ ಹೇಳಿದ್ದು ಊರಿಗೆ ಹಬ್ಬಿತು. ಹಬ್ಬಿದ ಮೇಲೆ ಅದರ ಹಾಗೆಯೇ ನಡೆಯಬೇಕಲ್ಲ. ಚೌಕಿನ ಹೋಟೆಲಿನಲ್ಲಿ ಪೇಪರು ಮುಟ್ಟುವುದು ಬಿಟ್ಟೆ. ಪಕ್ಕದ ದರ್ಜಿ ಸಾಹೇಬರು ಕನಿಕರದಿಂದ ಉರ್ದು ಪೇಪರು ಓದಿ ಹೇಳತೊಡಗಿದರು. ಅವರು ಓದಿದ್ದು ಕಮ್ಮಿ, ಪದ ಪದಕ್ಕೂ ನಿಲ್ಲುತ್ತಿದ್ದರು, ತಪ್ಪು ಓದುತ್ತಿದ್ದರು. ಎದುರಿಗೆ ಕುಂತ ನನಗೆ ಆ ಅಕ್ಷರ ನಿಚ್ಚಳವಾಗಿ ಕಾಣುತ್ತಿದ್ದವು. ತಿದ್ದುವ ಹಾಗಿರಲಿಲ್ಲ. "ಅಚ್ಛಾ, ಅಚ್ಛಾ" ಅನ್ನುತ್ತ ತಲೆ ಆಡಿಸುತ್ತಿದ್ದೆ. ಸಾಲೆಯ ಮುಂದಿನ ರಸ್ತೆ ಬಿಟ್ಟು ಕೆರೆಯ ಕಡೆಯಿಂದ ಸುತ್ತು ಹಾಕಿ ಹೋಗಿ ಬರುತ್ತಿದ್ದೆ.

ಹೆಂಡತಿ ಸುಮ್ಮನಿರಲಿಲ್ಲ. ಶಹಾಬಾದಕ್ಕೆ ವಾರಕ್ಕೊಮ್ಮೆ ಕಣ್ಣಿನ ಡಾಕ್ಟರು ಬರುತ್ತಾರೆ ಅಂತ ಕೇಳಿಕೊಂಡು ಬಂದಳು. ನಾನು ಬ್ಯಾಡ ಬ್ಯಾಡ ಅಂದಷ್ಟೂ ಹಟ ಹಿಡಿದಳು. ರೊಟ್ಟಿ ಕಟ್ಟಿಕೊಂಡು, ನನ್ನ ತೋಳು ಹಿಡಿದು ಗಾಡಿ ಹತ್ತಿಸಿದಳು. ಕಣ್ಣು ಕಾಣುವ ನಾನು ತೋಳು ಕೊಟ್ಟು ಹತ್ತಿದೆ.

ಡಾಕ್ಟರು ಗೋಡೆಯ ಅಕ್ಷರ ಓದಲು ಹೇಳಿದರು. ಎರಡು ಸಾಲು ಓದಿ ಮುಂದೆ ಕಾಣುವುದಿಲ್ಲ ಅಂದೆ. ಅವರು ದೀಪ ಹಿಡಿದು ಎರಡೂ ಕಣ್ಣು ಅಗಲಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ನನಗಲ್ಲ, ಬಾಗಿಲಲ್ಲಿ ನಿಂತ ಹೆಂಡತಿಗೆ ಹೇಳಿದರು, "ಕಣ್ಣು ಛೊಲೊ ಅವ ನೋಡ್ರಿ. ಚಿಂತಿ ಮಾಡಬ್ಯಾಡ್ರಿ."

ವಾಡಿಯಲ್ಲಿ ನಮ್ಮ ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಂತೆವು. ಬೆಂಚಿಗೂ ನಮ್ಮ ಬಟ್ಟೆಗೂ ಸಿಮೆಂಟಿನ ಧೂಳು. ಅವಳು ರೊಟ್ಟಿ ಗಂಟು ಬಿಚ್ಚಲಿಲ್ಲ. ನಾನೇ ಶುರು ಮಾಡಬೇಕಾಯಿತು.

"ನನಗ ಕಣ್ಣು ಕಾಣ್ತಾವ."

"ಹೂಂ."

"ಹೊಸ ಲೆಕ್ಕ ನನಗ ತಿಳೀಲಿಲ್ಲ. ಅದಕ್ಕೇ ಏಳನೇ ಕ್ಲಾಸ್ ತೆಗದು ಒಂದನೇದು ಕೊಟ್ರು. ನಿನಗ ಹೇಳಲಿಲ್ಲ."

ಅವಳು ಹಳಿಯ ಕಡೆ ನೋಡುತ್ತಲೇ ಹೇಳಿದಳು, "ನನಗ ಗೊತ್ತದ."

"ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ಊರಿಗೆಲ್ಲಾ ಗೊತ್ತದ. ನಳದ ಕಟ್ಟಿ ಮ್ಯಾಲ ಹೆಣ್ಣುಮಕ್ಕಳು ಚರಗಿ ಮಾಸ್ತರ ಹೇಣ್ತಿ ಬಂದ್ಳು, ಜಾಗಾ ಬಿಡ್ರಿ ಅಂತಿದ್ರು. ಅವತ್ತಿಂದ ನಾ ಆ ನಳಕ್ಕ ಹೋಗೋದು ಬಿಟ್ಟೀನಿ. ಹೊಲದ ಬಾವೀಲಿಂದ ನೀರು ತರಲಿಕತ್ತೀನಿ."

"ಅಷ್ಟು ದೂರಲಿಂದ?"

"ಮತ್ತ?"

"ನನಗ್ಯಾಕ ಹೇಳಲಿಲ್ಲ?"

"ನೀವು ಯಾಕ ಹೇಳಲಿಲ್ಲ?" ಅಂದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವ ಹಾಗೆ ನನ್ನ ಮುಖ ನೋಡಿದಳು. "ಠ ಢ ಬರಾಂಗಿಲ್ಲ ಅಂತ ನನ್ನ ಮುಂದ ಕುಂತು ನಕ್ಕೀರಿ. ಇದನ್ನ ಹೇಳಿದ್ರ ನಾ ಏನ್ ಮಾಡ್ತಿದ್ದೆ?"

ಇಷ್ಟು ದಿನ ನಾಚಿಕೆಯೆಲ್ಲ ನನ್ನದೊಂದೇ ಅಂದುಕೊಂಡು ಬಚ್ಚಿಟ್ಟುಕೊಂಡಿದ್ದೆ. ನನ್ನ ಪಾಲಿನದನ್ನು ಅವಳು ನೀರಿನ ಕೊಡದ ಜೊತೆ ತಲೆಯ ಮೇಲೆ ಹೊತ್ತು ಬೇಸಿಗೆಯೆಲ್ಲ ನಡೆದಿದ್ದಳು. ಮಂಡಿನೋವು ಅಂತ ಅವಳು ಎಣ್ಣೆ ತಿಕ್ಕಿಕೊಳ್ಳುವುದನ್ನು ನೋಡಿ, ವಯಸ್ಸಾಯಿತಲ್ಲ ಅಂತ ನಾನು ಅಂದದ್ದು ನೆನಪಾಯಿತು. ಗಾಡಿ ಬರುವ ತನಕ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕೊಡ ನಾನು ಎತ್ತಿಕೊಂಡೆ. "ಮಾಸ್ತರು ನೀರು ಹೊತ್ರ ಜನ ಏನಂದಾರು?" ಅಂತ ಅವಳು ಅಡ್ಡ ಬಂದಳು. ಆ ಜನರ ಮುಂದೆಯೇ ಹೋಗಬೇಕಿತ್ತು ನನಗೆ. ಓಣಿಯ ನಳಕ್ಕೇ ಹೋದೆ. ಹೆಂಗಸರ ಮಾತು ನಿಂತಿತು. ಒಬ್ಬಾಕೆ ತನ್ನ ಕೊಡ ಸರಿಸಿ, "ಹಿಡೀರಿ ಸರ್" ಅಂದಳು. ಅವಳ ಮಗ ನನ್ನ ಕ್ಲಾಸಿನವನೇ. ಅವಳ ಮುಖವೂ ಕೆಂಪಾಗಿತ್ತು. ಕೊಡ ತುಂಬುವ ತನಕ ಇಬ್ಬರೂ ನಳದ ನೀರನ್ನೇ ನೋಡುತ್ತ ನಿಂತೆವು. ಹೊರುವುದು ರೂಢಿಯಿಲ್ಲದೆ ದಾರಿಯಲ್ಲಿ ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡೆ.

ದರ್ಜಿ ಸಾಹೇಬರಿಗೂ ನಿಜ ಹೇಳಬೇಕಾಗಿತ್ತು. ಹೋಗಿ ಹೇಳಿದೆ. ಅವರು ಹೊಲಿಯುವ ಮಿಷನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅವರು ತಪ್ಪು ಓದುವಾಗೆಲ್ಲ ನಾನು ಕೇಳುತ್ತ ಕುಂತಿದ್ದೆ ಅಂತ ಹೊಳೆದಿರಬೇಕು. "ಮಾಸ್ಟರ್ ಸಾಬ್, ತಪ್ಪು ಓದ್ತೀನಿ ಅಂತ ಒಂದ್ ಮಾತು ಅನಬಾರದಾಗಿತ್ತೇನ್ರಿ" ಅಂದರು. ಮುಂದೆ ಕೆಲವು ದಿನ ಅವರು ಹೋಟೆಲಿಗೆ ಬರಲಿಲ್ಲ. ಬಂದ ಮೇಲೂ ಪೇಪರು ನನ್ನ ಕಡೆ ತಳ್ಳಿ ತಾವು ಹೊರಗೆ ನೋಡುತ್ತ ಕುಂದ್ರುತ್ತಿದ್ದರು. ನನ್ನ ಸುಳ್ಳಿನಿಂದ ಒಬ್ಬ ಒಳ್ಳೆಯ ಮನುಷ್ಯ ಗಟ್ಟಿಯಾಗಿ ಓದುವುದನ್ನೇ ಬಿಟ್ಟುಬಿಟ್ಟ.

ಮಳೆಗಾಲ ಹಿಡಿದ ಮೇಲೆ ರಾವೂರಿನ ಕಡೆಯಿಂದ ನಮ್ಮ ಓಣಿಗೆ ಹೊಸದಾಗಿ ಬಂದ ಒಬ್ಬ ತಾಯಿ ತನ್ನ ಮಗಳನ್ನು ಕರಕೊಂಡು ಬಂದಳು. ಲೆಕ್ಕ ಹೇಳಿಕೊಡಬೇಕು ಅಂದಳು. ಹೆಂಡತಿ ಒಳಗಿನಿಂದ ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು.

"ಬಡ್ಡಿ, ಪಾಲು, ದಶಾಂಶ ಹೇಳ್ತೀನಿ" ಅಂದೆ. "ಗಣದ ಪಾಠ ನನಗ ಬರಾಂಗಿಲ್ಲ. ಅದನ್ನ ಸಾಲ್ಯಾಗ ಟೀಚರ್ ಅಕ್ಕೋರಿಗಿ ಕೇಳಬೇಕು."

ಹೇಳುವಾಗ ನನ್ನ ಕಿವಿ ಸುಟ್ಟವು. ಆ ತಾಯಿಗೆ ಅದು ದೊಡ್ಡ ಮಾತೇ ಆಗಲಿಲ್ಲ. "ಆಯ್ತು ಬಿಡ್ರಿ" ಅಂದು, ಮಗಳನ್ನು ಕಟ್ಟೆಯ ಮೇಲೆ ಕೂರಿಸಿ ಹೋದಳು. ಹುಡುಗಿ ಪುಸ್ತಕ ತೆರೆದು ನನ್ನ ಮುಖ ನೋಡಿತು. ನಾನು ಬಡ್ಡಿ ಲೆಕ್ಕದ ಪಾಠ ಹುಡುಕುತ್ತ ಹಾಳೆ ತಿರುವುತ್ತಲೇ ಇದ್ದೆ. ಒಳಗಿನಿಂದ ಹೆಂಡತಿ ಬಂದು, ಇಬ್ಬರ ನಡುವೆ ಹುರಿದ ಶೇಂಗಾದ ತಟ್ಟೆ ಇಟ್ಟು, "ಶುರು ಮಾಡ್ರಿ, ಹೊತ್ತು ಮುಳುಗ್ತದ" ಅಂದಳು.